ಹೊಸ ಹೆಡ್‌ಸೆಟ್ಟಿನ ಮೊದಲ ವಾರ

ಮಾರ್ಚ್ 3, ಸೋಮವಾರ. ಗುಬ್ಬಿ

ಅಮ್ಮನಿಗೆ ಗಂಜಿ, ಮಾತ್ರೆ. ಆಮೇಲೆ ತುಮಕೂರಿನ ಶಿರಾ ಗೇಟ್ ಅಂಜನಪ್ಪನ ಅಂಗಡಿಯಿಂದ ತಂದ ವೈರ್‌ಲೆಸ್ ಹೆಡ್‌ಸೆಟ್ ಬಿಚ್ಚಿದೆ. ಅಮ್ಮ ಮಲಗಿದಲ್ಲಿಂದಲೇ ಕೈ ಚಾಚಿದಳು. "ಹೊಸಾದು, ಕೊಡ್ಲಾ ಇಲ್ಲಿ." ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಅಲ್ಲಲ್ಲಿ ಹಚ್ಚಿದಳು. ಫ್ರಿಜ್ಜಿಗೂ ಸ್ಕೂಟರಿಗೂ ಹಚ್ಚಿದವಳು. ಕಣ್ಣಿಗೆ ಕಂಡಷ್ಟು ಒರೆಸಿದೆ.

ಗುರುವಾರ ಟ್ರಯಲ್. ಕೃಷಿ ಸಹಾಯವಾಣಿ, ಮನೆಯಿಂದಲೇ ಕರೆಗಳಿಗೆ ಉತ್ತರಿಸುವ ಕೆಲಸ. ನಾನು ಕೆಲಸಕ್ಕಿದ್ದ ಪತ್ರಿಕೆ ನಿಂತು ಎಂಟು ತಿಂಗಳು. ಯಾರೂ ಹಿಡಿಯದೆ ಎದ್ದರೆ ಅಮ್ಮ ಬೀಳುತ್ತಾಳೆ. ಹೊರಗಿನ ಕೆಲಸ ಆಗದು. ಹೆಡ್‌ಸೆಟ್ಟಿಗೆ ವೈರ್ ಇದ್ದರೆ ಕುರ್ಚಿ ಬಿಟ್ಟು ಏಳಲಾಗದು. ಈ ಕೆಲಸವೂ ಆಗದಿದ್ದರೆ... ಬೇರೆ ದಾರಿ ಕಾಣೆ.

ಮಾರ್ಚ್ 4

ಕಂಪ್ಯೂಟರ್ ಹಳೆಯದು, ಅದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಉಗುರಿನಷ್ಟಿರುವ ರಿಸೀವರನ್ನು ಯುಎಸ್‌ಬಿಗೆ ಹಾಕಿದೆ. ದೀಪ ಹತ್ತಿತು. ಶಬ್ದ ಮಾತ್ರ ಮಾನಿಟರ್‌ನಿಂದ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿದೆ. ಕಿವಿಗೆ ಬಂತು. ಇನ್‌ಪುಟ್ ಕೂಡ ಹೆಡ್‌ಸೆಟ್ ಎಂದೇ ಆರಿಸಿದೆ. ರೆಕಾರ್ಡ್ ಮಾಡಿ ಕೇಳಿದರೆ ನನ್ನ ಧ್ವನಿ ಗೋಡೆಯಾಚೆ ಯಾರೋ ಮಾತಾಡಿದಂತೆ.

ಮಾರ್ಚ್ 6, ಗುರುವಾರ

ಮೈಕ್ ವಾಲ್ಯೂಮ್ ಪೂರ್ತಿ ಏರಿಸಿದ್ದೆ. ಬರೀ ಬುಸ್ ಎನ್ನುವ ಸದ್ದು. ಟ್ರಯಲ್ ತೆಗೆದುಕೊಂಡವರು ಮೋನಿಕಾ ಎಂಬುವವರು. "ಸಾರ್, ಬಾವಿ ಒಳಗಿಂದ ಮಾತಾಡ್ತಿದೀರಾ? ಒಂದಕ್ಷರ ತಿಳೀತಿಲ್ಲ." ಸೋಮವಾರ ಹನ್ನೊಂದಕ್ಕೆ ಇನ್ನೊಂದು ಅವಕಾಶ. ಅದೇ ಕೊನೆ.

ಮಾರ್ಚ್ 8

ಪಕ್ಕದ ಮನೆ ಮಂಜುಳಮ್ಮನನ್ನು ಅಮ್ಮನ ಬಳಿ ಕೂರಿಸಿ ತುಮಕೂರಿಗೆ. ಬಸ್ಸಿನಲ್ಲಿ ನಿಂತೇ. ಅಂಜನಪ್ಪ ಡಬ್ಬಿ ಬಿಚ್ಚಲೂ ಇಲ್ಲ.

"ಲಿನಕ್ಸ್ ಅಂದ್ರೆ ಇಷ್ಟೇ ಸಾರ್. ವಿಂಡೋಸ್ ಹಾಕ್ಸಿ ಅಂತ ಅವತ್ತೇ ಬಡ್ಕೊಂಡೆ."

"ಒಂದ್ಸಲ ಹೆಡ್‌ಸೆಟ್ ನೋಡಪ್ಪ."

"ಹೊಸಾ ಪೀಸು ಸಾರ್. ಅದಕ್ಕೇನಾಗಿರುತ್ತೆ?"

ನಂಬಿ ವಾಪಸ್ ಬಂದೆ. ಮಧ್ಯಾಹ್ನವೆಲ್ಲ ಟರ್ಮಿನಲ್‌ನಲ್ಲಿ ಕಮಾಂಡ್ ಟೈಪಿಸಿ ಮೈಕ್ ಪರೀಕ್ಷಿಸಿದೆ. ಕಂಪ್ಯೂಟರ್ ಪ್ರಕಾರ ಎಲ್ಲವೂ ಸರಿ. ಬೆನ್ನು ನೋವು.

ಮಾರ್ಚ್ 9, ಬೆಳಿಗ್ಗೆ 10

ಬಿಸಿಲಿನಲ್ಲಿ ಕೂತು, ಕನ್ನಡಕ ಹಾಕಿ ನೋಡಿದೆ. ಮೈಕಿನ ತುದಿಯ ಸಣ್ಣ ತೂತಿನಲ್ಲಿ ಬಿಳಿ. ಸುಣ್ಣದಂತೆ ಗಟ್ಟಿ. ವಿಭೂತಿ.

ಇಷ್ಟು ದಿನ ಸೆಟ್ಟಿಂಗ್ಸ್ ನೋಡಿದೆ, ಮೈಕು ನೋಡಲಿಲ್ಲ. ಪಿನ್ನಿನಿಂದ ಮೆಲ್ಲಗೆ ಕೆರೆದು ಒಣ ಬ್ರಷ್ಷಿನಿಂದ ಉಜ್ಜಿದೆ. ಧ್ವನಿ ಬಂತು. ನನ್ನದೇ.

ಅಮ್ಮ ಕೇಳಿದಳು. "ಸರಿಹೋಯ್ತೇನ್ಲಾ ಮಾದೇವ?"

"ಹೂಂ."

"ಮತ್ತೆ? ಸುಮ್ನೆ ಹಚ್ಚಿದ್ನಾ ನಾನು?"

ಪಿನ್ನು, ಬ್ರಷ್ಷು ಎತ್ತಿಟ್ಟೆ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ 11.40

ಟ್ರಯಲ್ ಮುಗಿಯಿತು. ನಡುವೆ ಅಮ್ಮ ಏಳಲು ನೋಡಿದಳು. ಹೆಡ್‌ಸೆಟ್ ಹಾಕಿಕೊಂಡೇ ಓಡಿ ತೋಳು ಹಿಡಿದೆ. ತೆಂಗಿನ ನುಸಿ ಪೀಡೆಯ ಬಗ್ಗೆ ಮೋನಿಕಾ ಅವರು ಕೇಳಿದ್ದಕ್ಕೆ ಅಲ್ಲಿಂದಲೇ ಉತ್ತರ.

"ಪಕ್ಕದಲ್ಲಿ ಯಾರು ಸಾರ್?"

"ನಮ್ಮಮ್ಮ."

ಕೆಲಸ ಹೋಯಿತು ಅಂದುಕೊಂಡೆ.

"ಅಮ್ಮ ಏನೋ ಕೇಳ್ತಿದಾರೆ, ನೋಡಿ. ನಾನು ಲೈನಲ್ಲೇ ಇರ್ತೀನಿ."

ಸಂಜೆ 4

ಮೋನಿಕಾ ಅವರ ಫೋನ್. ಬುಧವಾರದಿಂದ ಕೆಲಸ, ಒಂಬತ್ತರಿಂದ ಎರಡು. ಅಮ್ಮನಿಗೆ ಹೇಳಿದೆ. ಕೈ ಮುಗಿದಳು. ಇವತ್ತು ಬೇಗ ಮಲಗಬೇಕು.

ಒಳಗಿಂದ ಕೂಗುತ್ತಿದ್ದಾಳೆ. "ಮಾದೇವ, ಆ ವಿಭೂತಿ ಬಟ್ಲಿಗೊಂಚೂರು ನೀರ್ ಹಾಕ್ಕೊಂಡ್ ಬಾರ್ಲಾ..."

ಹೆಡ್‌ಸೆಟ್ ಮೇಜಿನ ಮೇಲಿಲ್ಲ. ಬೆಳಿಗ್ಗೆ ಅವಳ ಹಾಸಿಗೆಯ ಮೇಲೇ ಬಿಟ್ಟು ಬಂ—