ಎಡಗಡೆಯ ಆಸಿಡ್

೩-೧೧-೨೦೨೫, ಸೋಮವಾರ, ಬೆಳಗಿನ ೫
ಕಾರ್ತಿಕ ಸೋಮವಾರ. ಒಪ್ಪತ್ತು. ಸಂಜೆ ದೀಪ ಹಚ್ಚುವ ತನಕ ಮೌನ. ಅಂಗಳ ಗುಡಿಸಿದೆ, ನೀರು ತುಂಬಿದೆ, ಮನೆಯವರಿಗೆ ರೊಟ್ಟಿ ಬಡಿದು ಮುಚ್ಚಿಟ್ಟೆ. ಪೂಜೆ ಬಾಕಿ. ಆಮೇಲೆ ನಿಟ್ಟುವಳ್ಳಿಯಿಂದ ಹರಿಹರದ ಛತ್ರಕ್ಕೆ. ನಾಳೆ ಅಲ್ಲಿ ಮದುವೆ—ಕಕ್ಕಸು, ಬಚ್ಚಲು ಎಲ್ಲ ನಾನು, ಜೊತೆ ಕೆಲಸದ ಕೆಂಚವ್ವ ತೊಳೆಯಬೇಕು.

೪-೧೧, ಮಂಗಳವಾರ
ಕೆಂಚವ್ವ ಆಸ್ಪತ್ರೆಯಲ್ಲಿ. ಮೂಗಿಗೆ ಆಕ್ಸಿಜನ್.

ನಿನ್ನೆ ಪೂಜೆಯಿಂದ ತಡವಾಯಿತು. ಹೋಗುವಷ್ಟರಲ್ಲಿ ಅವಳು ಬ್ಲೀಚಿಂಗ್ ಪುಡಿ ಚೆಲ್ಲಿ, ಪೊರಕೆ ತರಲು ಹೋಗಿದ್ದಳು. ಮೂಲೆಯ ಕಕ್ಕಸಿನಲ್ಲಿ ಕರೆ ಬಿಡುವುದಿಲ್ಲವೆಂದು ಪುಡಿಯ ಮೇಲೆಯೇ ಆಸಿಡ್ ಸುರಿದೆ. ಎರಡೂ ತೊಳೆಯುವವೇ ಅಲ್ಲವೇ... ನೆನೆಯಲೆಂದು ಕೂಡಲೇ ಬಾಗಿಲೆಳೆದು ಹೊರಬಂದೆ. ಕೆಂಚವ್ವ ಎದುರಿಗೇ ಒಳಗೆ ಹೊರಟಳು. ಆಸಿಡ್ ಸುರಿದಿದ್ದೇನೆಂದು ಹೇಳಬೇಕಿತ್ತು. ಮೌನ. ಕೈಯಾಡಿಸಿದೆ. ನಕ್ಕಳು: "ಏನವ್ವಾ, ಇವತ್ತು ದೇವ್ರ ಕೂಡ ಅಷ್ಟೇ ಮಾತಾ?"

ಆಮೇಲೆ ಕೆಮ್ಮು. ಹಳದಿ ಹೊಗೆ. ರಟ್ಟೆ ಹಿಡಿದು ಹೊರಗೆಳೆದೆ.

ಮ್ಯಾನೇಜರ್ ಉಜ್ಜನಪ್ಪನವರು, "ಏನ್ ಹಾಕಿದ್ರಿ?" ಎಂದರು. ಬಾಯಿ ಬಿಡಲಿಲ್ಲ. ಸಂಜೆ ದೀಪ ಹಚ್ಚಿದೆ. ಆಮೇಲೂ ಬಿಡಲಿಲ್ಲ.

೭-೧೧, ಶುಕ್ರವಾರ
ಕೆಂಚವ್ವನಿಗೆ ನೋಟಿಸ್. ಪುಡಿ ಮಿತಿಮೀರಿ ಸುರಿದಿದ್ದಾಳೆ, ಕೆಲಸದಿಂದ ಏಕೆ ತೆಗೆಯಬಾರದು ಎಂದು. ನನಗೂ ಒಂದು ಕಾಗದ—ಕಂಡದ್ದನ್ನು ಸೋಮವಾರದೊಳಗೆ ಬರೆದು ಉತ್ತರ ಕೊಡಬೇಕು.

ಉಜ್ಜನಪ್ಪನವರು ಮೆತ್ತಗೆ ಹೇಳಿದರು: "ಪುಡಿ ಜಾಸ್ತಿ ಆಗಿತ್ತು ಅಂತ ಒಂದ್ ಸಾಲು ಬರೀರಿ ಗಿರಿಯಮ್ಮ. ನಿಮ್ ಕೆಲ್ಸಕ್ಕೇನೂ ಆಗಂಗಿಲ್ಲ."

೮-೧೧, ಶನಿವಾರ
ಪಕ್ಕದ ಮನೆ ಸನೋಬರ್ ಹೈಸ್ಕೂಲಿಗೆ ವಿಜ್ಞಾನ ಹೇಳುತ್ತಾಳೆ. ಪುಡಿ ಜಾಸ್ತಿಯಾದರೆ ಅಂಥ ಹೊಗೆ ಏಳುತ್ತದೆಯೇ ಎಂದು ಕೇಳಿದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಳು:

CaOCl₂ + HCl → CaCl₂ + H₂O + Cl₂

"ಮೊದಲನೇದು ನಿಮ್ ಪುಡಿ. ಕೊನೇದು ಕ್ಲೋರಿನ್, ಅದೇ ಹೊಗೆ. ಎರಡೂ ಕಡೆ Cl ಎಣಿಸ್ರಿ ಅಮ್ಮಾ. ಎಡಗಡೆ ಹೋದದ್ದೆಲ್ಲ ಬಲಗಡೆ ಬರ್ಬೇಕು, ಹೋಗದ್ದು ಬರಂಗಿಲ್ಲ."

ಎಡಕ್ಕೆ ಮೂರು, ಬಲಕ್ಕೆ ನಾಲ್ಕು. ಕೆಳಗಿನ ಸಣ್ಣ ಅಂಕಿ ತಿದ್ದಲು ಹೋದೆ. ಕೈ ಹಿಡಿದಳು. "ಅದನ್ನ ಮುಟ್ಟಬ್ಯಾಡ್ರಿ, ವಸ್ತುನೇ ಬದಲಾಗ್ತೈತೆ. ಮುಂದ್ಗಡೆ ಹಾಕ್ರಿ." HCl ಮುಂದೆ 2 ಹಾಕಿದೆ. ನಾಲ್ಕಕ್ಕೆ ನಾಲ್ಕು. H ಕೂಡ ಎರಡಕ್ಕೆ ಎರಡು. ಸರಿಹೋಯಿತು.

"ಈ HCl ಅಂದ್ರೆ?"

"ಕಕ್ಕಸು ತೊಳಿಯೋ ಆಸಿಡ್."

ಅದನ್ನು ಬೆರಳಿನಿಂದ ಮುಚ್ಚಿ ಎಣಿಸಿದೆ. ಎಡಕ್ಕೆ ಎರಡು, ಬಲಕ್ಕೆ ನಾಲ್ಕು. ಮತ್ತೊಮ್ಮೆ ಎಣಿಸಿದೆ.

"ಎಷ್ಟ್ ಸಲ ಮುಚ್ಚಿದ್ರೂ ಹೊಂದಲ್ಲಮ್ಮಾ. ಪುಡಿ ಚೀಲಗಟ್ಲೆ ಸುರೀಲಿ, ಅಂಥ ಹೊಗೆ ಏಳಾಕೆ ಆಸಿಡ್ ಬೇಕೇ ಬೇಕು. ಯಾರ್ ಹಾಕಿದ್ರು?"

ನಲ್ಲಿ ಬಂತೇನೋ ಎಂದು ಎದ್ದು ಬಂದೆ. ಹಾಳೆ ಸೆರಗಿನಲ್ಲಿತ್ತು.

೯-೧೧, ಭಾನುವಾರ
ಪಿ.ಜೆ. ಬಡಾವಣೆಯ ಆಸ್ಪತ್ರೆಗೆ ಎಳನೀರು ಒಯ್ದೆ. ಕೆಂಚವ್ವನ ಗಂಟಲು ಬರೀ ಗಾಳಿ. ಹತ್ತಿರ ಬಾ ಎಂದು ಕೈಯಾಡಿಸಿದಳು. ಕಿವಿ ಕೊಟ್ಟೆ.

"ಪುಡಿ... ನಾನೇ ಜಾಸ್ತಿ ಹಾಕಿದ್ನೇನವ್ವಾ?"

ನಿನ್ನೆ ವ್ರತದ ಮೌನವಿರಲಿಲ್ಲ, ಇವತ್ತೂ ಇಲ್ಲ. ಆದರೂ ಎಳನೀರಿನ ಲೋಟ ಅವಳ ತುಟಿಗಿಟ್ಟೆ, ಅಷ್ಟೇ.

೧೦-೧೧, ಸೋಮವಾರ, ಬೆಳಗಿನ ೭
ಒಪ್ಪತ್ತು ಉಂಟು. ಮೌನ ಹಿಡಿಯಲಿಲ್ಲ. ಅಜ್ಜಯ್ಯಾ, ಉಕ್ಕಡಗಾತ್ರಿಯ ನಿನ್ನ ಗದ್ದುಗೆಗೆ ಬಂದು ತಪ್ಪುಕಾಣಿಕೆ ಹಾಕುತ್ತೇನೆ.

ಮೊದಲು ಬರೆದದ್ದು—"ಪುಡಿ ಸ್ವಲ್ಪ ಹೆಚ್ಚಿತ್ತೇನೋ". ಸಣ್ಣ ಅಂಕಿ ತಿದ್ದಿದ ಹಾಗೆ ಕಂಡಿತು. ಹರಿದೆ. ಎರಡನೆಯ ಹಾಳೆಯಲ್ಲಿ ಮೇಲೆ ಸನೋಬರಳ ಸಾಲು, ಕೆಳಗೆ ನನ್ನದು: "ಪುಡಿ ಚೆಲ್ಲಿದ್ದು ಕೆಂಚವ್ವ, ದಿನಾ ಚೆಲ್ಲುವಷ್ಟೇ. ಆಸಿಡ್ ಸುರಿದದ್ದು ನಾನು. ಅವಳಿಗೆ ಹೇಳದೆ ಇದ್ದದ್ದೂ ನಾನು." ಸಹಿ ಹಾಕಿದೆ.

ನಾನೇ ಒಯ್ದರೆ ಬಸ್ಸಿನಲ್ಲಿ ಧೈರ್ಯ ಇಳಿದೀತು. ಸನೋಬರ್ ದಿನಾ ಹರಿಹರದ ಶಾಲೆಗೆ ಹೋಗುವವಳು. ಫೋನ್ ಮಾಡಿದೆ:

"ಟೀಚರಮ್ಮಾ, ಆಸಿಡ್ ಯಾರ್ ಹಾಕಿದ್ರು ಅಂತ ಕೇಳಿದ್ಯಲ್ಲ, ಬರ್ದೀನಿ. ಬಸ್ಸಿಗೆ ಹೋಗೋ ಮುಂಚೆ ಬಂದು ನನ್ ಉತ್ತರ ಛತ್ರಕ್ಕೆ ತೊಗೊಂಡ್ ಹೋಗು. ಲಗೂನ ಬಾರವ್ವಾ, ಇನ್ನೊಂದ್ ಗಳಿಗೆ ಇದು ನನ್ ಕೈಯಾಗೆ ಇದ್ರೆ—"