ಕಟ್ಟಬೆಟ್ಟಿನ ಎಲೆ

ಸೆಪ್ಟೆಂಬರ್ 9, ಮಂಗಳವಾರ
ಊಟಿ. ಮಳೆ. ಕಾಲೇಜಿನ ಲ್ಯಾಬ್, ಒಂಬತ್ತರಿಂದ ಐದು. ಸಿಂಧುಜಾಳ ಪಿಎಚ್‌ಡಿಗೆ ರೋಸ್‌ಮೇರಿ ಎಲೆಯ ಸಾರ, ಎಂದಿನಂತೆ. ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿಗೆ ಸಾರ ಹಾಕಿ, ಸುತ್ತ ಅವು ಬೆಳೆಯದೆ ಉಳಿದ ಖಾಲಿ ವೃತ್ತ ಅಳೆಯುವುದು ನನ್ನ ಕೆಲಸ. ಕೂನೂರಿನ ಎಲೆ, 11 ಮಿ.ಮೀ. ಕಟ್ಟಬೆಟ್ಟಿನದು, 23. ಮತ್ತೆ ಅಳೆದೆ. 23. ಒಂದೇ ಜಾತಿ, ಒಂದೇ ತೂಕ. ಅರ್ಥವಾಗಲಿಲ್ಲ.

ಸೆಪ್ಟೆಂಬರ್ 12
ಸಾರ ತೆಗೆಯಲು ಬಳಸುವ ಆಲ್ಕೋಹಾಲನ್ನು ಬರಿದೇ ಹಾಕಿ ನೋಡಿದೆ. ವೃತ್ತವಿಲ್ಲ. ಹಾಗಾದರೆ ಎಲೆಯದೇ ಗುಣ? ಬೇರೆಲ್ಲೂ ಇಲ್ಲದ ಸಂಯುಕ್ತ ಇರಬಹುದು ಅನ್ನುತ್ತಾಳೆ ಸಿಂಧುಜಾ. ಥೀಸಿಸ್ ಒಪ್ಪಿಸುವುದು 30ಕ್ಕೆ. ಎಲೆ ಕೊಟ್ಟ ಕೆಂಪಿ ಮಾಮಿಯ ಹೆಸರನ್ನೂ ಹಾಕುತ್ತಾಳಂತೆ. ಮಾಮಿ ಅಪ್ಪನ ತಂಗಿ, ಕಟ್ಟಬೆಟ್ಟಿನವರು. ಫೋನ್ ಮಾಡಿ ಹೇಳಿದೆ. ಸಂಜೆಯೊಳಗೆ ಅವರ ಹಟ್ಟಿಯ ಮನೆಗಳಿಗೆಲ್ಲ ಗೊತ್ತು.

ಓದುತ್ತಿರುವ ಕಾದಂಬರಿ ಪೋಲಿಷ್‌ನಿಂದ ಅನುವಾದವಾದದ್ದು. ಒಂದು ಪುಟದಲ್ಲಿ ನದಿ ಹೆಪ್ಪುಗಟ್ಟಿದೆ, ಮುಂದಿನದರಲ್ಲಿ ದೋಣಿ ಹೋಗುತ್ತಿದೆ. ಯಾರ ತಪ್ಪು? ನಡುವೆ ಏನೋ ಬಿಟ್ಟುಹೋಗಿದೆ.

ಸೆಪ್ಟೆಂಬರ್ 20
ಕೂನೂರಿನ ಎಲೆ ಅಲುಗಿಸಲಾಗದ ಬ್ಯಾಕ್ಟೀರಿಯಾವನ್ನೂ ಮಾಮಿಯ ಎಲೆ ಕೊಲ್ಲುತ್ತಿದೆ. ಖುಷಿಪಡಬೇಕು. ಆಗುತ್ತಿಲ್ಲ… ಇಷ್ಟು ಚೆನ್ನಾಗಿರಬಾರದು.

ಸೆಪ್ಟೆಂಬರ್ 21, ಭಾನುವಾರ
ಕಟ್ಟಬೆಟ್ಟಿಗೆ ಹೋಗಿ ಬಂದೆ. ಟೀ ಗಿಡಗಳ ಅಂಚಿನಲ್ಲೇ ರೋಸ್‌ಮೇರಿ ಸಾಲು. ಇಷ್ಟು ಮಳೆಯಲ್ಲೂ ಎಲೆಯ ಮೇಲೆ ರೋಗದ ಒಂದು ಚುಕ್ಕೆಯಿಲ್ಲ. ಹೇಗೆ ಎಂದು ಕೇಳಿದೆ. ಮಾಮಿ ನಕ್ಕರು.

“ರೋಗ ಬರದಿರಲಿ ಅಂತ ಟೀಗೆ ಕಾಪರ್ ಮದ್ದು ಹೊಡೀತೀವಲ್ಲ, ಇದಕ್ಕೂ ಒಂದು ಸುತ್ತು. ಕಾಲೇಜಿಗೆ ಹೋಗೋ ಎಲೆ. ಚುಕ್ಕೆ ಬಿದ್ದದ್ದು ಕಳಿಸಿದ್ರೆ ನಿನಗಲ್ಲವಾ ಮರ್ಯಾದೆ ಹೋಗೋದು?”

ಟೀ ಕುಡಿದೆ. ಕಾಪರ್‌ಗೆ ಬ್ಯಾಕ್ಟೀರಿಯಾವೂ ಸಾಯುತ್ತದೆ. ಆದರೆ ತೊಳೆದರೆ ಹೋಗಬೇಕಲ್ಲ? ಹೊಸ ಎಲೆ ತಂದಿದ್ದೇನೆ.

ಸೆಪ್ಟೆಂಬರ್ 28, ಭಾನುವಾರ
ನಿನ್ನೆ ಪ್ಲೇಟ್ ತೆರೆದೆ. ಮೂರು ಸಲ ತೊಳೆದ ಎಲೆ, 11. ತೊಳೆಯದ್ದು, 23.

ಲ್ಯಾಬ್ ನೋಟ್‌ಬುಕ್‌ನಲ್ಲಿ ನನ್ನದೇ ಅಕ್ಷರ: ‘ಎಲೆಗಳನ್ನು ಮೂರು ಬಾರಿ ತೊಳೆಯಲಾಯಿತು.’ ಕೂನೂರಿನದನ್ನು ತೊಳೆದಿದ್ದೆ. ಮಾಮಿಯದನ್ನು ಇಲ್ಲ. ನೋಡಲು ಚೊಕ್ಕವಾಗಿತ್ತು, ನಮ್ಮವರದು… ಹಾಗಾದರೆ ಯಾಕೆ ಬರೆದೆ? ಪ್ರತಿ ಸಲ ಬರೆಯುವ ಸಾಲು. ಕೈ ತಾನೇ ಬರೆಯಿತೇ? ಗೊತ್ತಿಲ್ಲ.

ಸಂಜೆ ಸಿಂಧುಜಾ ಫೋನ್ ಮಾಡಿದಳು. “ಅಕ್ಕ, ನಾಳೆ ಬೈಂಡಿಂಗ್‌ಗೆ ಕೊಡ್ತೀನಿ. ಎಲ್ಲ ಸರಿ ಇದೆ ಅಲ್ಲವಾ?”

ಮೊದಲು ಲ್ಯಾಬಿಗೆ ಬಾ ಎಂದೆ. ಅಷ್ಟೇ.

ನಾಳೆ ಒಂಬತ್ತಕ್ಕೆ ಹೇಳುವುದು. ಮಾಮಿಯ ಕಾಪರ್ ಆಮೇಲೆ. ಮೊದಲು ಆ ಪುಟ ತೆರೆದು, ನನ್ನ ಸಾಲು ತೋರಿಸುವುದು.