ಗಾಜಿನ ಲಿಫ್ಟ್ ಇರೋ ಹೋಟೆಲ್ ಬೇಡ

ಅಕ್ಕಾ,

ಪಾರ್ಕ್ ಗೇಟಿನ ಎದುರಿನ ಹೋಟೆಲ್ ಈಗಲೇ ಕ್ಯಾನ್ಸಲ್ ಮಾಡು. ಎರಡು ದಿನದ ಮಟ್ಟಿಗೆ ಬಸ್‌ಸ್ಟ್ಯಾಂಡ್ ಪಕ್ಕದ್ದೇ ಸಾಕು. ಗೋಡೆ ಬಣ್ಣ ಕಿತ್ತುಹೋಗಿದೆ ಅಂತ ಮೂಗು ಮುರಿಯಬೇಡ, ಅಲ್ಲಿ ಲಿಫ್ಟ್ ಇಲ್ಲ. ಪುಟ್ಟಿ ಅತ್ತರೆ, ಮಾಮ ಬೇಡ ಅಂದ ಅಂತ ನನ್ನ ಮೇಲೆ ಹಾಕು.

ನಿನ್ನೆ ನೀನು ಅಲ್ಲಿನ ಗಾಜಿನ ಲಿಫ್ಟಿನ ಫೋಟೋ ತೋರಿಸಿದಾಗ ತಟ್ಟೆ ಬಿಟ್ಟು ಎದ್ದೆನಲ್ಲ, ಅದು ಹೊಟ್ಟೆನೋವಲ್ಲ. ಹೋದ ತಿಂಗಳು ಅದರ ಸರ್ವಿಸ್‌ಗೆ ಹೋದವನು ನಾನೇ. ಹೋಟೆಲ್ ಮ್ಯಾನೇಜರ್ ಅವಸರ ಮಾಡಿದ ಅಂತ ಬ್ರೇಕ್ ಬಿಚ್ಚಿ ನೋಡದೆ, ಎಲ್ಲ ಸರಿಯಿದೆ ಅಂತ ಸೈನ್ ಹಾಕಿ ಬಂದೆ. ಇಷ್ಟು ದಿನ ಅದು ನೆನಪಿಗೂ ಬರಲಿಲ್ಲ. ಪುಟ್ಟಿ ಹತ್ತುತ್ತಾಳೆ ಅಂದಮೇಲೇ ನೆನಪಾಗಿದ್ದು.

ಅದನ್ನ ನಿಲ್ಲಿಸೋಕೆ ಹೊರಟಿದ್ದೀನಿ. ಕೆಲಸ ಹೋದರೆ ಹೋಗಲಿ. ಭಾವನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ. ಹಾಲು ಕಾಯಿಸಿಟ್ಟಿದ್ದೀನಿ.

ಬೆಳಿಗ್ಗೆಯೇ ಫೋನ್ ಮಾಡಿ ಲಿಫ್ಟ್ ನಿಲ್ಲಿಸಿ ಅಂತ ಬೇಡಿಕೊಂಡೆ. ಮ್ಯಾನೇಜರ್ ನಕ್ಕ. “ಎಲ್ಲ ಸರಿಯಿದೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ, ಲಿಫ್ಟ್ ಒಳಗೇ ಅಂಟಿಸಿದ್ದೀವಿ” ಅಂದ.

ಜನ ಅದನ್ನ ಓದಿಕೊಂಡೇ ಹತ್ತುತ್ತಿದ್ದಾರೆ, ಅಕ್ಕಾ.